ಕತ್ತರಿಸಿಹೋದ ಕಡಲು

“ಈ ಪ್ರವಾಸದ ಫೋಟೋ ಜವಾಬ್ದಾರಿ ಪೂರ್ತಿ ನಂದು! ಇಪ್ಪತ್ತಾರು ವರ್ಷದಿಂದ ಜನರ ಒಳಗನ್ನೇ ತೆಗೆದವನು ನಾನು. ಹೊರಗನ್ನ ತೆಗೆಯೋದು ಯಾವ ಲೆಕ್ಕ?”

ಹೀಗೆಂದು ಊಟದ ಮೇಜಿನ ಮೇಲೆ ಅಂಗೈ ಬಡಿದು ಸಾರಿದವರು ಎಕ್ಸ್‌ರೇ ಸಾಹೇಬರು. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಎಕ್ಸ್‌ರೇ ಯಂತ್ರ ನಡೆಸುವುದು ಅವರ ಉದ್ಯೋಗ. ‘ಸಾಹೇಬರು’ ಎಂಬ ಬಿರುದನ್ನು ವಾರ್ಡಿನ ಆಯಾಗಳು ತಮಾಷೆಗೆ ಕೊಟ್ಟಿದ್ದರು. ಇವರು ಗಂಭೀರವಾಗಿಯೇ ಸ್ವೀಕರಿಸಿದ್ದರು.

ಮೂರು ದಿನದ ಕಾರು ಪ್ರವಾಸ. ಒಂದು ಜಲಪಾತ, ಒಂದು ದೀಪಸ್ತಂಭ, ಕೊನೆಗೆ ಸಮುದ್ರ. ಹೆಂಡತಿ, ಮಗಳು ಹೊರಡುವವರು. ಮನೆಯಲ್ಲೇ ಉಳಿಯುವವರು ಎಪ್ಪತ್ತೆಂಟರ ಅತ್ತೆ. ಅವರು ಹುಟ್ಟಿದಾಗಿನಿಂದ ಸಮುದ್ರ ನೋಡಿದವರಲ್ಲ.

“ಎಂಟು ಗಂಟೆ ಕಾರಲ್ಲಿ ಕಾಲು ಮಡಚ್ಕೊಂಡು ಕೂತ್ರೆ ಈ ಮಂಡಿ ನನ್ನನ್ನ ಸುಮ್ನೆ ಬಿಡುತ್ತಾ? ನೀವು ಹೋಗ್ಬನ್ನಿ” ಎಂದರು ಅತ್ತೆ. ಮಂಡಿ ನೀವಿಕೊಳ್ಳುತ್ತ, “ಸಮುದ್ರ ಹೇಗಿರುತ್ತೆ ಅಂತ ಫೋಟೋದಲ್ಲಿ ತೋರ್ಸಿ ಅಳಿಯಂದಿರೇ, ಸಾಕು” ಎಂದರು.

“ಫೋಟೋ ಏನು ಅತ್ತೆ, ಡಿಜಿಟಲ್ ಆಲ್ಬಮ್ಮೇ ಮಾಡ್ತೀನಿ! ಟಿವಿ ಮುಂದೆ ಕೂತ್ರೆ ಅಲೆ ಬಂದು ನಿಮ್ಮ ಕಾಲು ತೊಳೀಬೇಕು, ಹಾಗಿರುತ್ತೆ!”

ಹೊರಡುವ ದಿನ ಸಾಹೇಬರು ಹೆಂಡತಿ, ಮಗಳು ಇಬ್ಬರ ಫೋನನ್ನೂ ಆಫ್ ಮಾಡಿಸಿ ಚೀಲದ ತಳಕ್ಕೆ ತಳ್ಳಿದರು. “ಯಂತ್ರ ನಡೆಯೋ ಕಡೆ ಒಬ್ಬನೇ ಇರಬೇಕು. ಅದು ನಿಯಮ.”

“ಅಪ್ಪಾ, ಅದು ಎಕ್ಸ್‌ರೇ ರೂಮಿಗೆ!”

“ಶಿಸ್ತು ಎಲ್ಲಾ ಕಡೆ ಒಂದೇ!”

ಜಲಪಾತ ಬಂತು. ಆಕಾಶದಿಂದ ಹಾಲು ಸುರಿದಂತೆ ನೀರು ಧುಮುಕುತ್ತಿತ್ತು. ಸಾಹೇಬರು ಅದಕ್ಕೆ ಬೆನ್ನು ಕೊಡಿಸಿ ಹೆಂಡತಿಯನ್ನು ನಿಲ್ಲಿಸಿದರು.

“ಸರ, ಓಲೆ, ಕನ್ನಡಕ ಎಲ್ಲಾ ತೆಗಿ.”

“ರೀ! ಇವತ್ತಿಗೋಸ್ಕರಾನೇ ಹಾಕ್ಕೊಂಡಿದೀನಿ ಇದನ್ನ!”

“ನೆರಳು ಬೀಳುತ್ತೆ. ತೆಗಿ, ತೆಗಿ.”

“ಕನ್ನಡಕ ತೆಗೆದ್ರೆ ಜಲಪಾತ ಎಲ್ಲಿದೆ ಅಂತಾನೇ ಕಾಣಲ್ಲ ನಂಗೆ.”

“ನೀನು ನೋಡೋದೇನೂ ಬೇಡ. ಕ್ಯಾಮೆರಾ ನೋಡುತ್ತೆ! ಗದ್ದ ಮೇಲೆ. ಭುಜ ಮುಂದಕ್ಕೆ. ಉಸಿರು ಎಳ್ಕೋ... ಹಿಡ್ಕೋ... ಅಲ್ಲಾಡ್ಬೇಡ!”

ಹೆಂಡತಿ ಉಸಿರು ಹಿಡಿದಳು. ಸಾಹೇಬರು ಎದುರು ನೋಟ ತೆಗೆದರು, ಆಮೇಲೆ ತಿರುಗಿಸಿ ಪಕ್ಕದ ನೋಟ ತೆಗೆದರು. ಮಗಳದ್ದೂ ಅದೇ ಗತಿ. ಆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ನಿಂತು, “ಯಾಕೆ, ಏನಾದ್ರೂ ಪೆಟ್ಟಾಯ್ತಾ?” ಎಂದು ಕರುಣೆಯಿಂದ ವಿಚಾರಿಸಿ ಹೋದರು.

ಸಮುದ್ರದ ದಂಡೆಯಲ್ಲಂತೂ ಸಾಹೇಬರ ಕಲೆ ಶಿಖರ ಮುಟ್ಟಿತು. ತಾಯಿ ಮಗಳನ್ನು ನೀರಿನಂಚಿಗೆ ನಿಲ್ಲಿಸಿ ಉಸಿರು ಹಿಡಿಸಿದರು. ಅಲೆ ಬಂತು, ಇಬ್ಬರೂ ಹಾರಿದರು. “ಅಲ್ಲಾಡಿದ್ರಿ! ಇನ್ನೊಂದು!” ಮತ್ತೆ ಅಲೆ, ಮತ್ತೆ ಇನ್ನೊಂದು. ಏಳನೆಯದಕ್ಕೆ ಹೆಂಡತಿ ಮೊಣಕಾಲುದ್ದ ನೀರಿನಲ್ಲೂ ಕಲ್ಲಿನ ಕಂಬದಂತೆ ನಿಂತಳು. ಅದು ಶಿಸ್ತಲ್ಲ, ಸಿಟ್ಟು ಎಂಬುದು ಸಾಹೇಬರಿಗೆ ಹೊಳೆಯಲಿಲ್ಲ. ಅವರ ಪರವಾಗಿ ಒಂದು ಮಾತು ಹೇಳಲೇಬೇಕು: ಆ ಏಳೂ ಫೋಟೋಗಳಲ್ಲಿ ಹಿಂದೆ ಸಮುದ್ರ ಇತ್ತು. ನೀಲಿಯಾಗಿ, ದಂಡಿಯಾಗಿ ಇತ್ತು!

ಅನಾಹುತ ನಡೆದದ್ದು ಮನೆಗೆ ಬಂದ ಮೇಲೆ, ಆಲ್ಬಮ್ ತಯಾರಿಕೆಯಲ್ಲಿ.

“ಅಪ್ಪಾ, ನಾನು ಸಹಾಯ ಮಾಡ್ಲಾ? ಆಲ್ಬಮ್ ಮಾಡೋ ಆ್ಯಪಲ್ಲಿ ಚಂದಚಂದ ಫ್ರೇಮು, ಸ್ಟಿಕ್ಕರು ಎಲ್ಲಾ ಇವೆ” ಎಂದು ಬಂದ ಮಗಳಿಗೆ, “ಸಿದ್ಧವಾಗೋವರೆಗೂ ಯಾರೂ ನೋಡೋ ಹಾಗಿಲ್ಲ” ಎಂದು ಬಾಗಿಲು ಹಾಕಿಕೊಂಡರು.

ಎಕ್ಸ್‌ರೇ ಕಸುಬಿನ ಮೊದಲ ಪಾಠ ಏನೆಂದರೆ, ಮೊಣಕೈ ಕೇಳಿದರೆ ಮೊಣಕೈಯನ್ನಷ್ಟೇ ತೋರಿಸಬೇಕು. ಸುತ್ತಮುತ್ತಲಿನದೆಲ್ಲ ಬಂದರೆ ದೊಡ್ಡ ಡಾಕ್ಟರು ಮುಖಕ್ಕೆ ಉಗಿಯುತ್ತಾರೆ. ಇಪ್ಪತ್ತಾರು ವರ್ಷ ಉಗಿಸಿಕೊಳ್ಳದೆ ಬಾಳಿದ ಬೆರಳುಗಳು ಈಗ ತಾವಾಗಿಯೇ ಚಲಿಸಿದವು. ಹೆಂಡತಿಯ ಎಡಕ್ಕೆ ಇದೇನು? ಬೇಡದ ಭಾಗ. ಕತ್ತರಿಸು! ಬಲಕ್ಕೆ? ಅದೂ ಬೇಡದ ಭಾಗ! ತಲೆಯ ಮೇಲೆ ಇಷ್ಟೊಂದು ಖಾಲಿ ಯಾಕೆ? ಹೋಗಲಿ! ಬಣ್ಣದಲ್ಲಿ ವಿವರ ಸರಿಯಾಗಿ ಕಾಣುವುದಿಲ್ಲವೆಂದು ಎಲ್ಲವನ್ನೂ ಕಪ್ಪು ಬಿಳುಪಿಗೆ ತಿರುಗಿಸಿದರು. ‘ಹಳೆಯ ಪ್ರತಿ ಉಳಿಸಿಕೊಳ್ಳಬೇಕೆ?’ ಎಂದು ಫೋನು ವಿನಯದಿಂದ ಕೇಳಿತು. “ಸುಮ್ನೆ ಜಾಗ ದಂಡ!” ಎಂದು ಸಾಹೇಬರು ಅಳಿಸಿಯೇಬಿಟ್ಟರು. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿದರು. ಮನುಷ್ಯನಿಗೆ ಶುಚಿತ್ವ ಹೆಚ್ಚು.

ಭಾನುವಾರ ಬೆಳಗ್ಗೆ ಪ್ರದರ್ಶನ. ಅತ್ತೆ ಎಂಟು ಗಂಟೆಗೇ ತಲೆ ಬಾಚಿಕೊಂಡು, ಕನ್ನಡಕ ಎರಡು ಸಲ ಒರೆಸಿಕೊಂಡು ಟಿವಿಯ ಮುಂದೆ ಕುರ್ಚಿ ಎಳೆಸಿಕೊಂಡಿದ್ದರು. ಜೊತೆಗೆ ಎದುರುಮನೆಯ ಟೀಚರಮ್ಮನನ್ನೂ ಕರೆಸಿದ್ದರು. “ನಮ್ಮ ಅಳಿಯಂದಿರು ಸಮುದ್ರ ತಂದಿದಾರೆ, ಬನ್ನಿ.”

ಮೊದಲ ಪುಟ ತೆರೆಯಿತು. ಕರಿಯ ಪರದೆಯ ನಡುವೆ ಉಸಿರು ಕಟ್ಟಿದ ಒಂದು ಮುಖ. ಕೆಳಗೆ ಸ್ಪಷ್ಟ ಅಕ್ಷರ: ‘ಜಲಪಾತ. ಪತ್ನಿ. ಹೆಣ್ಣು. ವಯಸ್ಸು 49. ಎದುರು ನೋಟ.’

“ಅಯ್ಯೋ, ನಲವತ್ನಾಲ್ಕು ಅಂದಿದ್ರಲ್ಲ?” ಎಂದರು ಟೀಚರಮ್ಮ.

ಹೆಂಡತಿ ಸಾಹೇಬರ ಕಡೆ ನೋಡಿದ ನೋಟಕ್ಕೆ ಯಾವ ಯಂತ್ರವೂ ಬೇಡ. ನೇರ ಮೂಳೆಗೇ ತಾಗಿತು.

“ಯಾಕಮ್ಮಾ ಹೀಗೆ ಬಿಗ್ಕೊಂಡು ನಿಂತಿದೀಯ, ಹೊಟ್ಟೆನೋವಿತ್ತಾ?” ಎಂದರು ಅತ್ತೆ. “ನೀರೆಲ್ಲಿ?”

“ಹಿಂದುಗಡೆ ಇತ್ತಮ್ಮಾ.”

ಮುಂದೆ ಪಕ್ಕದ ನೋಟ. ಅದಾದ ಮೇಲೆ ದೀಪಸ್ತಂಭದ ಹೆಸರಿನಲ್ಲಿ ಮಗಳ ಕತ್ತು. ಹತ್ತು ಪುಟ, ಹದಿನೈದು ಪುಟ! ಟೀಚರಮ್ಮ ಮೆಲ್ಲಗೆ, “ಡಾಕ್ಟರು ಏನಂದ್ರು?” ಎಂದರು.

“ಇರಲಿ, ಸಮುದ್ರ ಬರಲಿ” ಎಂದು ಅತ್ತೆ ಕುರ್ಚಿಯ ಅಂಚಿಗೆ ಸರಿದು ಕುಳಿತರು.

ಸಮುದ್ರ ಬಂತು. ಅಂದರೆ, ಹೆಂಡತಿಯ ಸಿಟ್ಟಿನ ಮುಖ ಬಂತು. ಏಳು ಸಲ. ಕೊನೆಯ ಪುಟದಲ್ಲಿ, ಇಡೀ ಆಲ್ಬಮ್ಮಿನಲ್ಲಿ ಅದೊಂದೇ ಬಣ್ಣದಲ್ಲಿ, ಮೂಲೆಮೂಲೆಯೂ ಸ್ಪಷ್ಟವಾಗಿ, ಪುಟ ತುಂಬ ಹರಡಿಕೊಂಡಿತ್ತು ಸಮುದ್ರ ದಂಡೆಯ ಪಾರ್ಕಿಂಗ್ ಚೀಟಿ! ನೆನಪಿಗಿರಲಿ ಎಂದು ಸಾಹೇಬರು ಸ್ಕ್ಯಾನ್ ಮಾಡಿ ಅಂಟಿಸಿದ್ದರು.

“ಮುಗೀತಾ?”

“ಮು... ಮುಗೀತು ಅತ್ತೆ.”

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಬೈಗುಳ ಬಂದಿದ್ದರೂ ಎಷ್ಟೋ ವಾಸಿಯಿತ್ತು. ಸಾಹೇಬರ ಪಕ್ಕೆಲುಬುಗಳು ಒಂದೊಂದಾಗಿ ನಡುಗಿದವು. ‘ಒಳಗೇನಿದೆ ಅಂತ ಕಂಡುಹಿಡಿಯೋ ಮಹಾನುಭಾವ! ಬೆನ್ನ ಹಿಂದಿನ ಸಮುದ್ರ ಕಾಣಲಿಲ್ಲವಲ್ಲೋ ನಿನಗೆ’ ಎಂದು ತಮ್ಮನ್ನೇ ಶಪಿಸಿಕೊಂಡರು.

“ಅತ್ತೆ, ಸಮುದ್ರ ಇತ್ತು. ಸತ್ಯವಾಗ್ಲೂ ಇತ್ತು. ನಾನೇ ಕತ್ತರಿಸಿಬಿಟ್ಟೆ.”

“ಎಷ್ಟು ದೊಡ್ಡದಿತ್ತು?”

ಸಾಹೇಬರು ಎರಡೂ ಕೈ ಚಾಚಿ ತೋರಿಸಿದರು. ಒಂದು ಕೈ ಗೋಡೆಗೆ ಬಡಿಯಿತು, ಇನ್ನೊಂದು ಟೀಚರಮ್ಮನ ಚಹಾ ಲೋಟಕ್ಕೆ.

“ಇಷ್ಟೇನಾ?” ಎಂದರು ಅತ್ತೆ. ಆಮೇಲೆ ಮಂಡಿ ಒತ್ತಿಕೊಂಡು ಎದ್ದು ನಿಂತರು. “ಶನಿವಾರ ಕಾರು ತೆಗೀರಿ. ಮಂಡಿ ನೋವು ಹೇಗೋ ತಡ್ಕೋತೀನಿ. ಈ ಆಲ್ಬಮ್ ಇನ್ನೊಂದ್ಸಲ ನೋಡೋದು ನನ್ನ ಕೈಲಾಗಲ್ಲ.”

ಮುಂದಿನ ಸೀಟು ಹಿಂದಕ್ಕೆ ಬಾಗಿಸಿ, ನಾಲ್ಕು ದಿಂಬು ಒಟ್ಟಿ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಎಂಟು ಗಂಟೆಯ ದಾರಿಯನ್ನು ಎರಡು ದಿನ ಮಾಡಿ ಸಾಹೇಬರು ಕಾರು ಓಡಿಸಿದರು. ದಂಡೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದರು. ಅಲೆ ಬಂದು ಅವರ ಪಾದ ಮುಳುಗಿಸಿ ಹೋಯಿತು. ಅತ್ತೆ ಬಗ್ಗಿ ಇನ್ನೊಂದು ಅಲೆಗೆ ಅಂಗೈ ಒಡ್ಡಿದರು. ಕೊನೆಗೆ ಕಣ್ಣೊರೆಸಿಕೊಂಡು, “ಆ ಫೋನು ಕೊಡಿ ಇಲ್ಲಿ” ಎಂದರು.

ಸಾಹೇಬರು ಧನ್ಯರಾಗಿ ಮುಂದೆ ಹೋಗಿ ನಿಂತರು.

“ಸ್ವಲ್ಪ ಆ ಕಡೆ ಸರೀರಿ ಅಳಿಯಂದಿರೇ... ಇನ್ನೂ ಸ್ವಲ್ಪ... ಇನ್ನೂ...”

ಈಗ ಆ ಫೋಟೋ ನಡುಮನೆಯ ಗೋಡೆಯ ಮೇಲಿದೆ. ಈ ತುದಿಯಿಂದ ಆ ತುದಿಯವರೆಗೆ ಸಮುದ್ರವೇ ಸಮುದ್ರ. ಎಡಗಡೆಯ ಅಂಚಿನಲ್ಲಿ ಒಂದು ಕಿವಿ. ಬಂದವರಿಗೆಲ್ಲ ಅತ್ತೆ ಹೆಮ್ಮೆಯಿಂದ ತೋರಿಸುತ್ತಾರೆ:

“ನೋಡಿ, ಇದು ಸಮುದ್ರ. ಅದು ನಮ್ಮ ಅಳಿಯಂದಿರು. ಪಾಪ, ಅವರೂ ಬಂದಿದ್ರು.”