ಬೆಟ್ಟದ ಮುಂದಿನ ಹುತ್ತ

ನಾಚಿಕೆ ಸ್ವಭಾವದವರಿಗೆ ಕೆಮ್ಮು ಜಾಸ್ತಿ. ಇದನ್ನು ಯಾವ ಡಾಕ್ಟರೂ ಹೇಳುವುದಿಲ್ಲ, ನಾನು ಹೇಳುತ್ತೇನೆ ಮಕ್ಕಳೇ. ಮಾತಾಡುವ ಮೊದಲು ಗಂಟಲಲ್ಲಿ ಯಾರೋ ಅಡ್ಡ ನಿಂತ ಹಾಗಾಗುತ್ತದೆ. ಅವರನ್ನು ‘ಕ್ಹುಂ’ ಎಂದು ಪಕ್ಕಕ್ಕೆ ಸರಿಸಿದ ಮೇಲೆಯೇ ಮಾತು ಹೊರಗೆ ಬರಬೇಕು. ಬಸ್ಸಿನಲ್ಲಿ ನಾನು ‘ಕ್ಹುಂ’ ಅಂದು ‘ಇಲ್ಲೇ ಇಳಿಸಪ್ಪಾ’ ಅನ್ನುವಷ್ಟರಲ್ಲಿ ನಮ್ಮೂರು ಹಿಂದಾಗಿ, ಬಡವನಹಳ್ಳಿಯಿಂದ ವಾಪಸ್ಸು ನಡೆದುಕೊಂಡು ಬಂದದ್ದು ಎಷ್ಟು ಸಲವೋ. ಈ ಕೆಮ್ಮು ನನಗೆ ಮದುವೆಯ ಬಳುವಳಿ. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳುವ ಹಾಗಿರಲಿಲ್ಲ. ‘ರೀ’ ಅನ್ನುವುದು ಪೇಟೆಯವರ ಮಾತು, ನನಗೆ ಬಾಯಿ ಬರಲಿಲ್ಲ. ನಿಮ್ಮ ತಾತ ಕುರಿ ಮೇಯಿಸುವ ಕಡೆ ಬುತ್ತಿ ತೆಗೆದುಕೊಂಡು ಹೋಗಿ, ಬದುವಿನ ಮೇಲೆ ನಿಂತು ಸುಮ್ಮನೆ ಕೆಮ್ಮುತ್ತಿದ್ದೆ. ಅವರು ತಿರುಗಿ ನೋಡಿ ಬರುತ್ತಿದ್ದರು. ಅವರ ಹಿಂದೆ ಕುರಿಗಳೂ ಬರುತ್ತಿದ್ದವು.

ಆದರೆ ಒಂದು ವಿಷಯದಲ್ಲಿ ನನ್ನಷ್ಟು ಗಟ್ಟಿಗಿತ್ತಿ ಇಲ್ಲ ಎಂದು ನಂಬಿದ್ದೆ: ಕುರಿ ಕರೆಯುವುದು. ತಾತ ಹೋದ ಮೇಲೆ ಮಂದೆ ನನ್ನ ಪಾಲಿಗೆ ಬಂತು. ಸಂಜೆ ಬದುವಿನ ಮೇಲೆ ನಿಂತು ‘ಹೋಯ್’ ಎಂದು ಒಂದು ಕೂಗು ಹಾಕಿದರೆ ಅಷ್ಟೂ ಕುರಿ ಓಡಿ ಬರಬೇಕು. ಬದುಕಿದ್ದಾಗಲೇ ತಾತ ರೇಗಿಸುತ್ತಿದ್ದರು: “ಜನದ ಮುಂದೆ ಕುರಿ, ಕುರಿ ಮುಂದೆ ಹುಲಿ ಕಣೇ ನೀನು!” ಆ ಒಂದು ಮಾತಿನ ಮೇಲೆ ಇಷ್ಟು ವರ್ಷ ಬೀಗಿಕೊಂಡು ಬಂದಿದ್ದೇನೆ.

ಶಿರಾದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವ ನಿಮ್ಮ ಸುಮಕ್ಕ ಈ ಕೂಗಿನ ಮೇಲೆ ಕಣ್ಣು ಹಾಕಿದಳು. ಅಜ್ಜಿಯ ಬದಲು ಕುರಿ ಕರೆಯುವ ಪೆಟ್ಟಿಗೆ ಮಾಡುವುದೇ ಅವಳ ಪ್ರಾಜೆಕ್ಟು. ಒಂದು ಶನಿವಾರ ಕಾಲೇಜಿನಿಂದ ಒಂದು ಮಿಷನ್ ಕೇಳಿ ತಂದು, “ಇದು ಸಿಗ್ನಲ್ ಜನರೇಟರ್ ಕಣಜ್ಜಿ” ಎಂದಳು. ನಾನು ನೋಡಿದ ಜನರೇಟರ್ ಎಂದರೆ ಮದುವೆ ಮನೆಯ ಹಿಂದೆ ಹೊಗೆ ಉಗುಳಿಕೊಂಡು ನಿಂತಿರುವುದು.

“ಡೀಸೆಲ್ ಎಷ್ಟು ಕುಡೀತದವ್ವ?” ಎಂದೆ.

“ಇದು ಕರೆಂಟ್ ಕೊಡಲ್ಲ ಅಜ್ಜಿ, ಕರೆಂಟ್ ತಿಂದು ಅಲೆ ಕೊಡ್ತದೆ.”

ನನ್ನ ಕೂಗನ್ನು ಫೋನಿನಲ್ಲಿ ಹಿಡಿದು, ಪೆನ್‌ಡ್ರೈವಿನಲ್ಲಿ ಹಾಕಿ, ಅದರೊಳಗೆ ತುಂಬಿದಳು. ಗಾಜಿನ ಮೇಲೆ ಒಂದು ಹಳದಿ ಗೆರೆ ಬಂತು. ಚಪ್ಪಟೆಯಾಗಿ ಹೋಗಿ, ಹೋಗಿ, ಇದ್ದಕ್ಕಿದ್ದ ಹಾಗೆ ನೆಟ್ಟಗೆ ಮೇಲೆದ್ದಿತ್ತು. ಥೇಟು ನಮ್ಮ ಮಧುಗಿರಿ ಬೆಟ್ಟ! ನನ್ನ ಕೂಗು ಬೆಟ್ಟದಂತಿದೆ ಎಂದು ಹಿಗ್ಗುವಷ್ಟರಲ್ಲಿ ಕಣ್ಣು ಎಡಕ್ಕೆ ಹೋಯಿತು. ಬೆಟ್ಟದ ಮುಂದೆ ಒಂದು ಗುಬುಟು.

“ಇದೇನವ್ವ ಈ ಹುತ್ತ?”

“ಅದು ನಿನ್ ಕೆಮ್ಮು.”

ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ಕುರಿಗಳನ್ನು ಕಾಲೇಜಿಗೆ ಕರೆದೊಯ್ಯಲಾಗದೆಂದು ಅವಳಿಗೆ ಪಾಠ ಹೇಳುವ ನಸೀಮಾ ಮೇಡಂ ಮಾರನೆಯ ದಿನ ತಾವೇ ನಮ್ಮ ಹೊಲಕ್ಕೆ ಬರುವವರಿದ್ದರು. ಕುರಿ ಬಂದರೆ ಸುಮ ಪಾಸು. ಬರದಿದ್ದರೆ ಅವಳು ಬೇರೆ ಪ್ರಾಜೆಕ್ಟನ್ನು ಮೊದಲಿಂದ ಶುರು ಮಾಡಬೇಕು. ಅಂಥ ಮೇಡಂ ಮುಂದೆ ಪೆಟ್ಟಿಗೆ ನನ್ನ ಕೆಮ್ಮನ್ನು ಡಂಗುರ ಸಾರುವುದೇ?

“ಅದನ್ನ ಮೊದ್ಲು ತೆಗೆದ್ಬುಡು.”

“ಇರ್ಲಿ ಬುಡಜ್ಜಿ, ಅದೇನ್ ಮಾಡ್ತದೆ?”

“ಮಾನ ತೆಗೀತದೆ. ಹೆಂಗೆ ತೆಗೆಯೋದು ಹೇಳ್ಕೊಡು, ನಾನೇ ತೆಗೀತೀನಿ.”

ಹೇಳಿಕೊಟ್ಟಳು. ಗೆರೆ ಎಂದರೆ ಗೆರೆಯಲ್ಲವಂತೆ, ಒತ್ತೊತ್ತಾಗಿ ಕೂತ ಚುಕ್ಕಿಗಳಂತೆ. ಚುಕ್ಕಿ ಎಂದ ಕೂಡಲೇ ನನಗೆ ಧೈರ್ಯ ಬಂತು. ಐವತ್ತು ವರ್ಷ ಬಾಗಿಲ ಮುಂದೆ ಇಟ್ಟದ್ದು ಇನ್ನೇನು? ದುಂಡನೆಯ ತಿರುಗಣೆ ತಿರುಗಿಸಿ ಚುಕ್ಕಿಯ ಹತ್ತಿರ ಹೋಗುವುದು, ಗುಂಡಿ ಒತ್ತಿ ಅದನ್ನು ನೆಲಕ್ಕೆ ಇಳಿಸುವುದು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಚುಕ್ಕಿ ಹಿಡಿದು ಕೂರಿಸುತ್ತಾ ಹೋದೆ. ಒಲೆಯ ಮೇಲಿನ ಸಾರು ಸೀದದ್ದೂ ಗೊತ್ತಾಗಲಿಲ್ಲ. ಹುತ್ತ ಹೋಗಿ ನೆಲ ಸಾರಿಸಿದಂತಾಯಿತು, ಬೆಟ್ಟ ಒಂದೇ ಉಳಿಯಿತು. ನುಡಿಸಿದರೆ ‘ಹೋಯ್’ ಎಂದು ಎಂಥ ಗಂಭೀರ ಧ್ವನಿ! ನಾಚಿಕೆಯೇ ಇಲ್ಲದವಳ ಧ್ವನಿ. ಏಳನೇ ಕ್ಲಾಸಿನ ಓದಿಗೆ ಇಷ್ಟು ಬಂದದ್ದು ಹೆಚ್ಚೇ ಎಂದುಕೊಂಡೆ.

ಭಾನುವಾರ ಮೇಡಂ ಸ್ಕೂಟರಿನಲ್ಲಿ ಬಂದರು. ಕಡ್ಲೇಕಾಯಿ ಕಿತ್ತ ಹೊಲದ ಆಚೆ ತುದಿಯಲ್ಲಿ ಕುರಿಗಳು ಮೇಯುತ್ತಿದ್ದವು. ಸುಮ ಮನೆಯಿಂದ ವೈರು ಎಳೆದು, ಬದುವಿನ ಮೇಲೆ ಮಿಷನ್ನೂ ಸ್ಪೀಕರ್ರೂ ಇಟ್ಟು ಗುಂಡಿ ಒತ್ತಿದಳು. ‘ಹೋಯ್!’ ಹುಣಸೇಮರದ ಕೊಕ್ಕರೆಗಳು ಎದ್ದುಹೋದವು. ಒಂದು ಟಗರು ತಲೆ ಎತ್ತಿ, ಯಾರೋ ದಾರಿಹೋಕರು ಎಂಬಂತೆ ನೋಡಿ, ಮತ್ತೆ ಮೇಯತೊಡಗಿತು. ಇನ್ನೊಮ್ಮೆ ‘ಹೋಯ್!’ ಈ ಸಲ ಟಗರೂ ನೋಡಲಿಲ್ಲ. ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಸುಮ ಸ್ಪೀಕರ್ರಿನ ವೈರು ಅಲುಗಾಡಿಸಿ ನೋಡಿದಳು.

“ಅರೆ, ಒಂದ್ಸಾರಿ ಅಜ್ಜಿನೇ ಕರೀಲಿ, ನೋಡಾಣ,” ಎಂದರು ಮೇಡಂ.

ಹೊಸಬರ ಮುಂದೆ ಕೂಗುವುದೇ! ಸೆರಗು ಎಳೆದುಕೊಂಡೆ. ಮೊಮ್ಮಗಳ ಮುಖ ನೋಡಿ ಬದುವಿನ ಮೇಲೆ ನಿಂತೆ. ಉಸಿರು ತುಂಬಿಕೊಂಡೆ. ಗಂಟಲಲ್ಲಿ ಎಂದಿನಂತೆ ಯಾರೋ ಅಡ್ಡ ಬಂದರು. ‘ಕ್ಹುಂ’ ಎಂದೆ.

ಕೂಗಲು ಬಾಯಿ ತೆರೆಯುವುದರೊಳಗೆ ಅಷ್ಟೂ ಕುರಿ ಧೂಳೆಬ್ಬಿಸಿಕೊಂಡು ಬಂದು ನನ್ನ ಸೀರೆ ಮೂಸುತ್ತಿದ್ದವು.

“ಅಜ್ಜೀ, ನೀವು ಕೂಗೇ ಇಲ್ವಲ್ಲ!” ಎಂದು ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸುಮ ನಗಲಿಲ್ಲ. “ನೀನು ಅಳಿಸಿದ್ದೇ ಬೇಕಾಗಿತ್ತು ಕಣಜ್ಜಿ!” ಎಂದು ನನ್ನನ್ನು ದುರುಗುಟ್ಟಿ ನೋಡಿ, ಫೋನಿನಲ್ಲಿದ್ದ ಹಳೆಯ ಕೂಗನ್ನು ಮತ್ತೆ ತುಂಬಿಸಿ, ಈ ಸಲ ಬೆಟ್ಟವನ್ನು ಅಳಿಸಿ ಹುತ್ತವನ್ನು ಬಿಟ್ಟಳು. ಕುರಿಗಳನ್ನು ಆಚೆಗೆ ಅಟ್ಟಿದೆವು. ಪೆಟ್ಟಿಗೆ ‘ಕ್ಹುಂ’ ಎಂದಿತು. ಅವು ಓಡಿ ಬಂದವು. ಸುಮ ಪಾಸು.

ಇಷ್ಟು ವರ್ಷ ನಾನು ಹುಲಿಯಂತೆ ಕೂಗಿದ್ದೆಲ್ಲ ಆಗಲೇ ಹೊರಟು ಬರುತ್ತಿದ್ದ ಕುರಿಗಳಿಗೆ! ನನ್ನ ಕೆಮ್ಮಿಗೆ ತಿರುಗಿ ಬಂದವರು ನಿಮ್ಮ ತಾತ. ಅವರನ್ನು ನೋಡಿ ಕುರಿ ಕಲಿತವು, ಆ ಕುರಿಗಳನ್ನು ನೋಡಿ ಮರಿ, ಮರಿಯ ಮರಿ. ತಾತನಿಗೆ ಇದು ಗೊತ್ತಿತ್ತೋ ಏನೋ. ಗೊತ್ತಿದ್ದೂ ‘ಹುಲಿ’ ಎಂದು ಉಬ್ಬಿಸುತ್ತಿದ್ದರೆ, ಮೇಲೆ ಹೋದ ಮೇಲೆ ವಿಚಾರಿಸಿಕೊಳ್ಳುತ್ತೇನೆ.

ಈಗ ನಮ್ಮ ಹಟ್ಟಿಯ ಮುಂದೆ ಸುಮ ಮಾಡಿದ ಚಿಕ್ಕ ಪೆಟ್ಟಿಗೆ ಸಂಜೆ ಸಂಜೆ ಕೆಮ್ಮುತ್ತದೆ. ನಾನು ಸುಮ್ಮನೆ ಕೂತಿರುತ್ತೇನೆ. ರಜಕ್ಕೆ ಯಾವಾಗ ಬರ್ತೀರಿ ಮಕ್ಕಳೇ ಎಂದು ಕೇಳಲು ಮೊನ್ನೆ ನಿಮಗೆ ಫೋನ್ ಮಾಡಿದೆ. ‘ಕ್ಹುಂ’ ಎಂದೆ ನೋಡಿ, “ಬರ್ತೀವಿ ಬುಡಜ್ಜಿ!” ಎಂದು ನೀವು ಇಟ್ಟೇಬಿಟ್ಟಿರಿ. ಕೇಳಬೇಕೆಂದಿದ್ದ ಮಿಕ್ಕ ಬೆಟ್ಟವೆಲ್ಲ ಗಂಟಲಲ್ಲೇ ಉಳಿಯಿತು. ಅದನ್ನೇ ಇಲ್ಲಿ ಇಷ್ಟುದ್ದ ಬರೆದಿದ್ದೇನೆ. ಓದದಿದ್ದರೂ ಪರವಾಗಿಲ್ಲ, ಬಂದರೆ ಸಾಕು.