ಹೆಸರು ಹೇಳದ ಹೆಂಡತಿ, ಮಸ್ಕಿಯ ಒಂದು ದಿನ

ನಂಬದಿದ್ದರೆ ಬಿಡ್ರಿ, ಬಳಗಾನೂರಿಗೆ ಬಂದು ಯಾರನ್ನಾದರೂ ಕೇಳ್ರಿ! ಮದುವೆಯ ದಿನ ಹೊಸ್ತಿಲ ಮುಂದೆ ನಿಂತು ಹೆಂಡತಿಯ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಒಡಪು ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಒಂದು ಕೇಳಿದರು, ಮೂರು ಹೇಳಿದೆ. ನನ್ನ ಹೆಂಡತಿ ಮಾತ್ರ ನನ್ನ ಹೆಸರಿಗೆ ಬಾಯೇ ಬಿಡಲಿಲ್ಲ. ಬಾಗಿಲು ತಡೆದು ನಿಂತ ನಮ್ಮಕ್ಕನೇ ಹಸಿವು ತಾಳದೆ ದಾರಿ ಬಿಟ್ಟಳು. "ನಿನ್ನ ಹೆಸರು ಹೇಳಾಕ ಅಕಿಗೆ ಮನಸ್ಸಿಲ್ಲ ಬಿಡಲೇ," ಅಂತ ದಿನಾ ಆಡಿಕೊಳ್ಳುತ್ತಿದ್ದಳು.

ಅದಕ್ಕೇ ಹೆಂಡತಿಯನ್ನು ಮಸ್ಕಿ ತೋರಿಸಲು ಕರೆದೊಯ್ದೆ. ನನ್ನ ದೌಲತ್ತು ನೋಡಿದರೆ ಹೆಸರು ತಾನೇ ಬಾಯಿಗೆ ಬರಬೇಕು! ಆದರೆ ನಾನು ಹೋದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ಬಂಡೆ

ಮೊದಲು ಅಶೋಕನ ಶಾಸನ. ಎದೆಯುಬ್ಬಿಸಿ ಹೇಳಿದೆ: "ನೋಡು, ಎಂಥಾ ದೊಡ್ಡ ರಾಜ! ಅಂಥವನ ಹೆಸರೂ ಈ ಬಂಡಿಗಲ್ಲಿನ ಮ್ಯಾಲೆ ಐತಿ. ಗಂಡಸಿಗೆ ಹೆಸರು ಅಂದ್ರ ಅಷ್ಟು ಮುಖ್ಯ."

"ಅಂವೇನು ರಾಣಿ ಕಡಿಂದ ಹೇಳಿಸ್ಯಾನೇನ್ರಿ? ತಾನ ಕೆತ್ತಿಸ್ಕೊಂಡಾನ. ನೀವೂ ನಿಮ್ಮ ಹೊಲದಾಗ ಒಂದು ಕಲ್ಲು ನೋಡ್ಕೋರಿ," ಅಂದಳು.

ಗುಡ್ಡ

ಆಮೇಲೆ ಮಲ್ಲಯ್ಯನ ಗುಡ್ಡ. "ದಣಿವಾದ್ರ ಹೇಳು, ಹೊತ್ಕೊಂಡು ಹೋಗ್ತೀನಿ. ಭತ್ತದ ಚೀಲ ಹೊತ್ತ ಹೆಗಲಿದು," ಅಂದೆ.

ಒಂದು ಮಾತು ಮರೆತಿದ್ದೆ. ನಮ್ಮದು ಕಾಲುವೆ ನೀರಿನ ಸಪಾಟು ಗದ್ದೆ. ಅವಳು ಗುರುಗುಂಟಾದ ಕಲ್ಲುಗುಡ್ಡಗಳಲ್ಲಿ ಆಡು ಕಾಯುತ್ತ ಬೆಳೆದವಳು. ಅರ್ಧ ದಾರಿಯಲ್ಲೇ ನಾನು ಮೆಟ್ಟಿಲ ಮೇಲೆ ಕುಸಿದೆ.

ಮೇಲಿಂದ ಕೂಗಿದಳು: "ಯಾಕ್ರೀ, ಏನಾತು?"

"ಊರು ನೋಡಾಕತ್ತೀನಿ! ಎಷ್ಟು ಚೆಂದ ಕಾಣ್ತೈತಿ!"

"ಕಣ್ಣು ಮುಚ್ಕೊಂಡೇನ್ರಿ?"

ಇಳಿದು ಬಂದು ನನ್ನ ಕೈಚೀಲವನ್ನೂ ಅವಳೇ ಹೆಗಲಿಗೆ ಹಾಕಿಕೊಂಡಳು.

ಬಳೆ

ಸಂಜೆ ಹಳೇ ಬಜಾರಕ್ಕೆ ಬಂದೆವು. ಇಡೀ ದಿನ ಹೆಸರಿನ ಸುಳಿವಿಲ್ಲ. ಇನ್ನು ಅಕ್ಕನಿಗೆ ಏನು ಮುಖ ತೋರಿಸಲಿ?

ಹೆಂಡತಿ ಬಳೆ ಇಡಿಸಿಕೊಳ್ಳಲು ಕುಳಿತಳು. ಬಳೆಗಾರ್ತಿ ಅಜ್ಜಿ ಅವಳ ಕೈ ಹಿಚುಕಿ, ಹಸಿರು ಬಳೆಯನ್ನು ಗೆಣ್ಣಿನ ತನಕ ಏರಿಸಿ ಅಲ್ಲೇ ನಿಲ್ಲಿಸಿಬಿಟ್ಟಳು.

"ಹೊಸ ಮದುಮಗಳ ಹಂಗ ಕಾಣ್ತಿ. ಗಂಡನ ಹೆಸರು ಹೇಳವ್ವಾ. ಇಲ್ಲಂದ್ರ ಬಳಿ ಹಿಂದಕೂ ಬರಂಗಿಲ್ಲ, ಮುಂದಕೂ ಹೋಗಂಗಿಲ್ಲ."

ಹೆಂಡತಿ ತುಟಿ ಕಚ್ಚಿದಳು. ನನಗೆ ತಡೆಯಲಾಗಲಿಲ್ಲ: "ಸುಲಭ ಐತಿ, ನಾ ಹೇಳಿ ಕೊಡ್ತೀನಿ! ಹುಲಿಯಂಥ ಗಂಡ—"

"ಹುಲಿಯಪ್ಪಾ, ನೀ ಸುಮ್ಕಿರು. ಬಳಿ ಇಡಿಸ್ಕೊಳ್ಳಾಕತ್ತಾಕಿ ಅಕಿ," ಅಂದಳು ಅಜ್ಜಿ. ಅಂಗಡಿಯ ಹೆಂಗಸರೆಲ್ಲ ನಕ್ಕರು.

ಆಗ ಅವಳು ನೆಲ ನೋಡುತ್ತ, ಆದರೆ ಬಜಾರಕ್ಕೆಲ್ಲ ಕೇಳುವಂತೆ ಹೇಳಿದಳು:

"ಮಾತಿನ್ಯಾಗ ಮುಂದ,
ಕೆಲಸದಾಗ ಹಿಂದ,
ಆದ್ರೂ ನನ್ನ ಕಣ್ಣಿಗೆ ಚೆಂದ,
ನಮ್ಮ ಶರಣಪ್ಪ!"

ಅಜ್ಜಿ ಬಳೆಯನ್ನು ಸರಕ್ಕನೆ ಮಣಿಕಟ್ಟಿಗೆ ಜಾರಿಸಿದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಲಿ ಬಿಡ್ರಿ.

ನನ್ನ ಹೆಂಡತಿ ನನ್ನ ಹೆಸರು ಹೇಳಿದಳು.