ಹಕ್ಕಿ ಸಂಘದ ಕ್ಯಾಸೆಟ್

ಚಪ್ಪಾಳೆಯ ನಡುವೆ ಬಾಯಿಂದ ಜಾರಿದ ಒಂದು ಮಾತು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಷಡಕ್ಷರಿಯನ್ನು ಕಾಡುತ್ತಿತ್ತು.

ಕಳೆದ ಭಾನುವಾರ ಮೂಡಿಗೆರೆಯ ಹಕ್ಕಿ ವೀಕ್ಷಕರ ಸಂಘದಲ್ಲಿ ಅಧ್ಯಕ್ಷ ಚನ್ನಕೇಶವಗೌಡರು, ಅಂದರೆ ಷಡಕ್ಷರಿಗೆ ಸಂಬಳ ಕೊಡುವ ಸಾಹುಕಾರರು, ತಮ್ಮ ತೋಟದ ಹಕ್ಕಿಗಳಿಗೆ ಮಾಡಿಸಿದ ಗೂಡುಪೆಟ್ಟಿಗೆಗಳ ಬಗ್ಗೆ ಭಾಷಣ ಮಾಡಿದ್ದರು. ಮುಗಿದೊಡನೆ, ಟೇಪ್ ರೆಕಾರ್ಡರ್ ಪಕ್ಕ ಕೂತಿದ್ದ ಷಡಕ್ಷರಿ, "ಹಕ್ಕಿಗೆ ಹೊಸ ತಗಡು, ಕೂಲಿ ಲೈನಿಗೆ ಆಕಾಶವೇ ಮಾಡು" ಎಂದು ಗೊಣಗಿದ್ದ. ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಮಾಡು ಮಳೆಗೆ ಸೋರುತ್ತಿತ್ತು.

ಇವತ್ತು ಬೆಳಿಗ್ಗೆ ಸಂಘದ ರೆಕಾರ್ಡಿಂಗ್ ನೋಡಿಕೊಳ್ಳುವ ರೇಡಿಯೊ ರಿಪೇರಿಯ ಯಾಕೂಬ್, "ಆ ಭಾಷಣದ ಕ್ಯಾಸೆಟ್ ಮಾರಾಣ ಮಾರಾಯ, ಸಂಘಕ್ಕೊಂದು ದುರ್ಬೀನಾದ್ರೂ ಬರ್ಲಿ" ಎಂದಾಗ ಷಡಕ್ಷರಿಯ ಮುಖ ಹಿಂಡಿದ ಕಾಫಿ ಚರಟದಂತಾಯಿತು. ಆ ಗೊಣಗಾಟವೂ ಟೇಪಾಗಿದ್ದರೆ ಕೆಲಸ ಹೋಯಿತು; ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ.

ಮಧ್ಯಾಹ್ನ ಸಂಘದ ಸಭೆಯಲ್ಲಿ ಅವನು ಎದ್ದು ಗುಡುಗಿದ. "ಜ್ಞಾನ ಮಾರಬಾರ್ದು! ಹಕ್ಕಿ ಏನು ಟಿಕೆಟ್ ಇಟ್ಟು ಹಾಡ್ತದಾ?"

ಸಾಹುಕಾರರ ಕಣ್ಣು ತುಂಬಿತು. "ಎಂಥಾ ಮಾತಯ್ಯ! ಮಾರೋದು ಬೇಡ. ಬಿಟ್ಟಿ ಕೇಳ್ಸಾಣ. ಸಂಜೆ ನಮ್ಮ ಲೈನಲ್ಲೇ ಶುರು. ನೀನೇ ಹಾಕು."

ಗಿಡ ನೆಡಲು ತೆಗೆಸಿದ ಗುಂಡಿಗೆ ತಾನೇ ಬಿದ್ದ ಮೇಸ್ತ್ರಿಯಂತೆ ಷಡಕ್ಷರಿ ಟೇಪ್ ರೆಕಾರ್ಡರ್ ಹೊತ್ತು ತೋಟದ ಆಫೀಸಿಗೆ ಬಂದ. ಚಪ್ಪಾಳೆಯವರೆಗೆ ಕೇಳಿದ. ಮುಂದೆ ಕೇಳುವ ಧೈರ್ಯ ಬರಲಿಲ್ಲ. ಹಳೆಯದನ್ನು ಅಳಿಸುವ ಕೆಂಪು ಗುಂಡಿ ಒತ್ತಿ ಕೂತ.

ಲೈನಿನ ಜವರಮ್ಮ ಒಳಗೆ ಬಂದಳು. "ಏನ್ ರೈಟ್ರೇ, ಪೆಟ್ಟಿಗೆ ಕಾಯ್ತಾ ಕೂತಿದೀರಿ?"

"ಒಂದು ಮಾತು ಅಳಿಸ್ತಿದೀನಿ. ಸಾಹುಕಾರ್ರ ಕಿವಿಗೆ ಬಿದ್ರೆ ನನ್ ಕೆಲ್ಸ ಹೋಯ್ತು."

"ನಮ್ಮನೆ ಸೋರೋದು ಮಾತ್ರ ಅವ್ರ ಕಿವಿಗೆ ಬೀಳಲ್ಲ. ಹೇಳಿ ಅಂದ್ರೆ ನೀವೂ ಹೇಳಲ್ಲ."

"ಯಾರಿಗೆ ಹೇಳಾದು? ಗಿಣಿ ಕೂಗಿದ್ರೆ ಎದ್ದು ಓಡ್ತಾರೆ, ನಿಮ್ಮ ಮಗು ನೆಂದು ಅತ್ರೆ ಮಗ್ಗುಲು ಬದಲಾಯಿಸ್ತಾರೆ!"

ಇಬ್ಬರೂ ಮನಸಾರೆ ನಕ್ಕರು.

ಸಂಜೆ ಲೈನಿನ ಅಂಗಳದಲ್ಲಿ, ಸಾಹುಕಾರರು ಮತ್ತು ಯಾಕೂಬ್ ಎದುರಲ್ಲೇ, ಭಾಷಣ ಸಾಗಿತು. ಕೂಲಿಯವರು ತೂಕಡಿಸಿದರು. ಚಪ್ಪಾಳೆ ಕೇಳಿತು. ಷಡಕ್ಷರಿ ನೆಮ್ಮದಿಯಿಂದ ಎಲೆಯಡಿಕೆ ಬಾಯಿಗೆ ಹಾಕಿಕೊಂಡ. ಆಗ ಪೆಟ್ಟಿಗೆಯಿಂದ ಜವರಮ್ಮನ ದನಿ ಬಂತು: "ಏನ್ ರೈಟ್ರೇ..."

ಇಡೀ ಲೈನು ಎಚ್ಚರವಾಯಿತು. ಅದನ್ನು ನಿಲ್ಲಿಸಲು ಹಾರಿದ ಷಡಕ್ಷರಿಯನ್ನು ಸಾಹುಕಾರರು ಕೈಯೆತ್ತಿ ತಡೆದರು. ಗಿಣಿ, ಮಗು, ಮಗ್ಗುಲು, ನಗು, ಎಲ್ಲ ಸ್ಪಷ್ಟವಾಗಿ ಕೇಳಿತು.

"ಅಳಿಸಕ್ಕೆ ಹೋಗಿದ್ಯಾ? ಕೆಂಪು ಗುಂಡಿ ಒತ್ತಿದ್ರೆ ಹಳೇದು ಹೋಗಿ ಹೊಸದು ತುಂಬ್ತದೆ ಮಾರಾಯ!" ಯಾಕೂಬ್ ಅವನ ಕಿವಿಯಲ್ಲಿ ಪಿಸುಗುಟ್ಟಿದ. "ಅವತ್ತು ಚಪ್ಪಾಳೆ ಬಿದ್ದ ಕೂಡ್ಲೇ ನಾನು ಆಫ್ ಮಾಡಿದ್ದೆ. ಅಲ್ಲಿ ಏನೂ ಇರ್ಲಿಲ್ಲ!"

ಸಾಹುಕಾರರು ಶಾಂತವಾಗಿ ಎದ್ದರು. "ಜವರಮ್ಮ ಹೇಳಿದ್ದು ನಿಜ. ಷಡಕ್ಷರಿ, ನಾಳೆನೇ ನಿನ್ನ ಕ್ವಾರ್ಟರ್ಸಿನ ತಗಡು ಬಿಚ್ಸಿ ಇವ್ಳ ಮನೆಗೆ ಹೊದೆಸು. ಹಕ್ಕಿಗೂಡು ಮಾತ್ರ ಮುಟ್ಟಬೇಡ, ಮೊಟ್ಟೆ ಇದಾವೆ."

ಅವರ ಜೀಪು ಹೋದ ಮೇಲೆ ಜವರಮ್ಮ ಹತ್ತಿರ ಬಂದಳು.

"ಬೇಜಾರ್ ಮಾಡ್ಕಬೇಡಿ ರೈಟ್ರೇ. ಮಳೆ ಬಂದ್ರೆ ನಮ್ಮನೆಗೆ ಬನ್ನಿ."